ಚೆನ್ನಯನಿಗೆ ಯಾವ ಕವಚ?

ಸೆಮಿಸ್ಟರ್ ರಜೆಯಲ್ಲಿ ಮಾಣಿಯ ಮನೆ ಜಗಲಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ಲಿಕ್ಕೆ ಕೂತಿದ್ದೆವು. ನಮ್ಮ ಪಾಲಿಗೆ ಬಂದದ್ದು ಬಾರ್ಬೇರಿಯನ್, ಅಂದ್ರೆ ಸಿಟ್ಟಿನಿಂದಲೇ ಬಲ ಬರುವ ವೀರ. ಅವನಿಗೆ ಕವಚ ಆರಿಸಬೇಕು. ಭಾರದ ಲೋಹದ ಕವಚ ಹಾಕಿದ್ರೆ ಸಿಟ್ಟಿನ ಲಾಭವೇ ಇಲ್ಲ. ಏನೂ ಹಾಕದಿದ್ರೆ 10ಕ್ಕೆ ಚುರುಕುತನ ಮತ್ತು ದೇಹದ ಗಟ್ಟಿತನದ ಅಂಕ ಸೇರಿಸಿ ರಕ್ಷಣೆಯ ಲೆಕ್ಕ. ಇದನ್ನು ಓದಿದ ಕೂಡ್ಲೇ ನಮಗೆ ನೆನಪಾದದ್ದು ಗರಡಿಯ ಚೆನ್ನಯ. ದೈವವನ್ನು ಆಟಕ್ಕೆ ತರಬೇಡಿ ಅಂತ ಅಜ್ಜಿ ಒಳಗಿಂದಲೇ ಗದರಿದರು. ಹೆಸರು ಹಾಕುವುದಿಲ್ಲ ಅಂತ ಒಪ್ಪಿಕೊಂಡು ಕಥೆ ಮಾತ್ರ ಕೇಳಿದೆವು.

ಪಡುಮಲೆ ನಮ್ಮಲ್ಲಿಂದ ದೂರವೇನಲ್ಲ, ಪುತ್ತೂರು ದಾಟಿದರೆ ಆಯ್ತು. ಅಲ್ಲಿನ ಬಲ್ಲಾಳರ ಕಾಲಿನ ಗಾಯ ವಾಸಿ ಮಾಡಿದವಳು ದೇಯಿ ಬೈದೆತಿ. ಅವಳ ಅವಳಿ ಮಕ್ಕಳು ಕೋಟಿ, ಚೆನ್ನಯ. ತಾಯಿ ಬೇಗ ತೀರಿಹೋದಳು, ಸಾಯನ ಬೈದ್ಯರು ಸಾಕಿದರು. ಕೋಟಿ ಸಮಾಧಾನಿ. ಚೆನ್ನಯನಿಗೆ ಮೂಗಿನ ತುದಿಯಲ್ಲೇ ಕೋಪ. ಗದ್ದೆಯ ಜಗಳದಲ್ಲಿ ಬುದ್ಯಂತ ಸತ್ತ. ಬಲ್ಲಾಳರ ಜೊತೆಗೂ ಮಾತು ಮುರಿದು ಅಣ್ಣತಮ್ಮ ಊರು ಬಿಟ್ಟರು. ಪಂಜದಲ್ಲಿ ಅಕ್ಕ ಕಿನ್ನಿದಾರು ಸಿಕ್ಕಿದಳು, ಆದರೆ ಅಲ್ಲಿನ ಬಲ್ಲಾಳ ಮೋಸದಿಂದ ಸೆರೆಗೆ ಹಾಕಿದ. ಅದನ್ನೂ ಒಡೆದು ಎಣ್ಮೂರಿಗೆ ಹೋದರು. ದೇವ ಬಲ್ಲಾಳರು ಆಶ್ರಯ ಕೊಟ್ಟರು.

ಇಷ್ಟು ಕಥೆಯಲ್ಲಿ ಸೊಂಟದ ಸುರಿಯ ಬರ್ತದೆ, ಕವಚದ ಮಾತೇ ಇಲ್ಲ ಮಾರಾಯ್ರೆ.

ಮುಂದೆ ಒಂದು ಕಾಡುಹಂದಿಯ ವಿಷಯಕ್ಕೆ ಯುದ್ಧವೇ ಆಯ್ತು. ಗೆಲುವು ಹತ್ತಿರ ಇರುವಾಗ ಮರೆಯಿಂದ ಬಂದ ಬಾಣ ಕೋಟಿಗೆ ತಾಗಿತು. ಇಲ್ಲಿ ನಮ್ಮಲ್ಲೇ ವಾದ ಶುರು. ಕೋಟಿಗೆ ಒಂದು ಒಳ್ಳೆ ಕವಚ ಇದ್ದಿದ್ರೆ ಬದುಕ್ತಿದ್ದನಲ್ವಾ ಅಂತ ಒಬ್ಬನ ಪ್ರಶ್ನೆ. ಇರಬಹುದು. ಆದರೆ ಚೆನ್ನಯನಿಗೆ ಆ ಬಾಣ ತಾಗಲೇ ಇಲ್ಲ. ಅಣ್ಣ ಹೋದ ಮೇಲೆ ತಾನಿರುವುದಿಲ್ಲ ಅಂತ ಅವನು ಬಂಡೆಗೆ ತಲೆ ಹೊಡೆದುಕೊಂಡು ಸತ್ತ. ಅದಕ್ಕೆ ಯಾವ ಕವಚ ಹಾಕ್ತೀರಿ? ಲೆಕ್ಕ ಹಾಕ್ತಾ ಕೂತಿದ್ದ ನಮಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಇವತ್ತು ತುಳುನಾಡಿನ ಗರಡಿಗಳಲ್ಲಿ ಇಬ್ಬರೂ ಒಟ್ಟಿಗೇ ನಿಂತಿದ್ದಾರೆ. ಒಬ್ಬನೇ ನಿಂತದ್ದನ್ನು ನಾವು ನೋಡಿಲ್ಲ.

ಕೊನೆಗೆ ನಮ್ಮ ವೀರನಿಗೆ ಬೇರೆ ಹೆಸರಿಟ್ಟೆವು, ಕವಚದ ಜಾಗ ಖಾಲಿ ಬಿಟ್ಟೆವು. ಗುರಾಣಿ ಮಾತ್ರ ತೆಗೊಂಡೆವು. ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ, 2 ಅಂಕ ಜಾಸ್ತಿಯೇ ಸಿಗ್ತದೆ. ಆಮೇಲೆ ಅವನಿಗೊಬ್ಬ ಅಣ್ಣನನ್ನೂ ಬರೆದೆವು.