ಕವಿಶೈಲದಲ್ಲಿ ಹತ್ತು ನಿಮಿಷ

ನಮ್ಮ ಕ್ಲಾಸಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಒಂದಷ್ಟು ಜನ ಇದ್ದೇವೆ. ಇಂಟರ್ನಲ್ಸ್ ಬಂದಾಗ ಟೆನ್ಶನ್ ಕಡಿಮೆ ಮಾಡ್ಕೊಳ್ಳೋಕೆ ಇಯರ್‌ಫೋನ್ ಹಾಕ್ಕೊಂಡು ಮಳೆ ಸದ್ದು ಕೇಳ್ತೇವೆ. ಮಲೆನಾಡಿನವರು ಮಳೆಯ ರೆಕಾರ್ಡಿಂಗ್ ಕೇಳೋದು! ಕಳೆದ ರಜೆಯಲ್ಲಿ ಕುಪ್ಪಳಿಗೆ ಹೋಗಿಬಂದ ಮೇಲೆ ಇದಕ್ಕೆ ನಮಗೇ ನಗು ಬಂತು. ಅದಕ್ಕೇ ಈ ಸಲ ಕುವೆಂಪು ಅವರ ಬಗ್ಗೆ ಬರೀತಿದ್ದೇವೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಮನೆಯ ಹಿಂದೆ ಕಾಡು, ಗುಡ್ಡ, ಮೇಲೆ ಬಂಡೆಗಳು. ಅದೇ ಕವಿಶೈಲ.

ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಓದೋಕೆ ತೀರ್ಥಹಳ್ಳಿ, ಆಮೇಲೆ ಮೈಸೂರು. ನಮ್ಮ ಹಾಗೇ ಊರು ಬಿಟ್ಟ ಹುಡುಗ. 1922ರಲ್ಲಿ ಬಂದ ಮೊದಲ ಕವಿತಾ ಪುಸ್ತಕ ಇಂಗ್ಲಿಷಲ್ಲೇ ಇತ್ತು. ಮುಂದೆ ಅವರ ಇಂಗ್ಲಿಷ್ ಕವಿತೆ ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಕನ್ನಡದಲ್ಲಿ ಬರೆಯೋಕೆ ಹೇಳಿದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಭಾಗ ಸ್ವಲ್ಪ ಚುಚ್ಚುತ್ತೆ.

ರಜೆಯಲ್ಲಿ ಊರಿಗೆ ಬಂದರೆ ಅದೇ ಬಂಡೆ. ಅಲ್ಲಿ ಕೂತು ಸೂರ್ಯ ಮುಳುಗೋದು, ಕಾಡಿಗೆ ಕತ್ತಲು ಇಳಿಯೋದು ನೋಡ್ತಿದ್ರು. ದಿನಕ್ಕೊಂದು ಹೊಸ ಸ್ಪಾಟ್ ಹುಡುಕಲಿಲ್ಲ, ಒಂದೇ ಜಾಗವನ್ನ ಮತ್ತೆ ಮತ್ತೆ ನೋಡಿದರು. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ ಕೂಡ ಅಲ್ಲಿಗೆ ಬಂದಿದ್ದರು. ಬಂಡೆ ಮೇಲೆ ಕೆತ್ತಿದ ಅವರ ಹೆಸರುಗಳು ಈಗಲೂ ಕಾಣುತ್ತವೆ.

ಆದರೆ ಅವರ ಬದುಕಿನ ಬಹುಪಾಲು ಕಳೆದದ್ದು ಮೈಸೂರಲ್ಲಿ. ಅಲ್ಲಿ ಕವಿಶೈಲ ಇರಲಿಲ್ಲ, ಕುಕ್ಕರಹಳ್ಳಿ ಕೆರೆ ಇತ್ತು. ಅಲ್ಲಿಗೇ ವಾಕಿಂಗ್ ಹೋಗ್ತಿದ್ರು. 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆದ ಮೇಲೆ ಮಾನಸಗಂಗೋತ್ರಿ ಕ್ಯಾಂಪಸ್ಸನ್ನೂ ಆ ಕೆರೆಯ ಪಕ್ಕದಲ್ಲೇ ಕಟ್ಟಿಸಿದರು. ಪಾಠ, ಆಡಳಿತ, ಸಂಸಾರ, ಎರಡು ದೊಡ್ಡ ಕಾದಂಬರಿ, ವರ್ಷಗಟ್ಟಲೆ ಕೂತು ಬರೆದ ಶ್ರೀ ರಾಮಾಯಣ ದರ್ಶನಂ, ಅದಕ್ಕೆ 1967ರ ಜ್ಞಾನಪೀಠ. ಟೈಮ್ ಇಲ್ಲ ಅನ್ನೋಕೆ ನಮಗಿಂತ ಜಾಸ್ತಿ ಕಾರಣ ಅವರಿಗಿತ್ತು.

1994ರ ನವೆಂಬರ್ 11ರಂದು ಮೈಸೂರಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಕವಿಶೈಲದಲ್ಲಿ.

ನಾವು ಅಲ್ಲಿಗೆ ಹೋದಾಗ ಮೊದಲು ಮಾಡಿದ್ದು ಸೆಲ್ಫಿ. ಆಮೇಲೆ ಹತ್ತು ನಿಮಿಷ ಮಾತಿಲ್ಲದೆ ಕೂರೋಣ ಅಂತ ಬೆಟ್ ಕಟ್ಟಿದೆವು. ನಾಲ್ಕನೇ ನಿಮಿಷಕ್ಕೇ ಒಬ್ಬನ ಕೈ ಜೇಬಿಗೆ ಹೋಯ್ತು. ಉಳಿದವರು ಹೇಗೋ ಕೂತೆವು. ಕೆಳಗಿನ ಕಾಡಲ್ಲಿ ಒಂದು ಹಕ್ಕಿ ಬಿಟ್ಟೂ ಬಿಟ್ಟೂ ಕೂಗ್ತಿತ್ತು. ಮನೆ ಹತ್ತಿರ ದಿನಾ ಕೇಳಿದ ಕೂಗೇ ಅದು, ಆದರೆ ಯಾವ ಹಕ್ಕಿ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈಗ ಸಂಜೆ ಲ್ಯಾಬ್ ಮುಗಿದ ಮೇಲೆ ಹಾಸ್ಟೆಲ್ ಹಿಂದಿನ ಹೊಂಗೆ ಮರದ ಕೆಳಗೆ ಹತ್ತು ನಿಮಿಷ ಕೂರ್ತೇವೆ. ಫೋನ್ ರೂಮಲ್ಲಿರುತ್ತೆ. ಬರೋರು ಬನ್ನಿ, ಜಾಗ ಇದೆ.