ಹರ್ಮನ್ ರೋರ್ಶಾಕ್: ಹತ್ತು ಕಾರ್ಡುಗಳ ಹಿಂದಿನ ಎಚ್ಚರ
ವ್ಯಕ್ತಿತ್ವ ಮಾಪನದ ಪಾಠದಲ್ಲಿ ಮಸಿ ಕಲೆಯ ಕಾರ್ಡುಗಳಿಗಿಂತ ಮೊದಲು ನಾನು ರೋರ್ಶಾಕ್ ಅವರ ಬದುಕನ್ನು ಹೇಳುತ್ತೇನೆ. 1884ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದ ಅವರು ಚಿತ್ರಕಲಾ ಶಿಕ್ಷಕರ ಮಗ, ಓದಿ ಮನೋವೈದ್ಯರಾದರು. 1911ರಲ್ಲಿ ಶಾಲಾ ಶಿಕ್ಷಕರಾಗಿದ್ದ ಗೆಳೆಯ ಕೊನ್ರಾಡ್ ಗೆಹ್ರಿಂಗ್ ಜೊತೆಗೂಡಿ ಮಕ್ಕಳಿಗೆ ಮಸಿ ಕಲೆಗಳನ್ನು ತೋರಿಸಿ ಪ್ರಯೋಗ ನಡೆಸಿದರು. 1921ರಲ್ಲಿ ಹತ್ತು ಕಾರ್ಡುಗಳೊಂದಿಗೆ ಗ್ರಂಥ ಪ್ರಕಟಿಸಿದಾಗ ಅವರ ಕೈಯಲ್ಲಿ 405 ಜನರ ಉತ್ತರಗಳಿದ್ದವು. ಅವರಲ್ಲಿ 117 ಮಂದಿ ಆರೋಗ್ಯವಂತರು. ಆರೋಗ್ಯವಂತರ ಉತ್ತರದೊಡನೆ ಹೋಲಿಸದೆ ರೋಗಿಯ ಉತ್ತರಕ್ಕೆ ಅರ್ಥ ಕಟ್ಟಲಾಗದು. ಆದರೂ ತಮ್ಮ ಕೆಲಸ ಇನ್ನೂ ಪ್ರಯೋಗವೆಂದೇ ಅವರು ಭಾವಿಸಿದ್ದರು. ಮರುವರ್ಷವೇ, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಅನಂತರ ಅಂಕ ನೀಡುವ ಪದ್ಧತಿಗಳು ಹಲವಾದವು. ವಿಶ್ವಸನೀಯತೆ, ಸಪ್ರಮಾಣತೆಗಳ ಚರ್ಚೆ ಇಂದಿಗೂ ಮುಗಿದಿಲ್ಲ. ಒಂದೇ ಪರೀಕ್ಷೆಯ ಫಲಿತಾಂಶ ಹಿಡಿದು ಮಗುವಿಗೆ ಹಣೆಪಟ್ಟಿ ಅಂಟಿಸುವ ಮೊದಲು, ಆ ಪರೀಕ್ಷೆಯ ಮಾನಕಗಳು ಯಾರ ಉತ್ತರಗಳಿಂದ ಸಿದ್ಧವಾದವೆಂದು ಶಿಕ್ಷಕರು ಕೇಳಲೇಬೇಕು.