ಗೆರೆ ಎಳೆದವನು: ವಾಲ್ಟರ್ ಶೂಹಾರ್ಟ್

ನನ್ನ ಸೋದರಮಾವ ಭಾಂಡುಪ್ ಕಡೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಲೇತ್ ಮೇಲೆ ದುಡಿದವರು. ಅಲ್ಲಿ ತಿಂಗಳಿಗೊಮ್ಮೆ ರಿಜೆಕ್ಷನ್ ಲೆಕ್ಕ ನೋಟೀಸ್ ಬೋರ್ಡಿಗೆ ಬರುತ್ತಿತ್ತಂತೆ. ಪಟ್ಟಿಯ ಕೊನೆಯಲ್ಲಿ ಹೆಸರಿದ್ದವರಿಗೆ ಮೆಮೊ. ಮೂರು ಮೆಮೊ ಆದರೆ ಇನ್‌ಕ್ರಿಮೆಂಟ್ ಖೋತಾ. ಒಂದು ತಿಂಗಳು ಮಾವನ ಹೆಸರು, ಇನ್ನೊಂದು ತಿಂಗಳು ಪಕ್ಕದ ಮೆಷಿನಿನವರದು. ಅದೇ ಕೈ, ಅದೇ ಯಂತ್ರ, ಅದೇ ಶ್ರದ್ಧೆ. ಹಾಗಿದ್ದೂ ಮೆಮೊ ಬಂದ ರಾತ್ರಿ ಮಾವ ಊಟದ ತಟ್ಟೆಯ ಮುಂದೆ ಕೂತು, ತಾನು ಎಲ್ಲಿ ತಪ್ಪಿದೆ ಅಂತ ಹುಡುಕುತ್ತಿದ್ದರೆಂದು ಅತ್ತೆ ಈಗಲೂ ಹೇಳುತ್ತಾರೆ.

ನಾನು ಬಿ.ಎಸ್ಸಿ.ಗೆ ಸಂಖ್ಯಾಶಾಸ್ತ್ರ ತೆಗೆದುಕೊಂಡದ್ದು ಬೇರೆ ವಿಷಯಕ್ಕೆ ಸೀಟು ಸಿಗಲಿಲ್ಲವೆಂದು, ಸುಳ್ಳೇಕೆ ಹೇಳಲಿ! ಎರಡನೇ ವರ್ಷದಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ಹೆಸರು ಬಂತು. ಗೆಳೆಯರಿಗೆಲ್ಲ ಅದು ಐದು ಮಾರ್ಕಿನ ಟಿಪ್ಪಣಿ. ನನಗೆ ಮಾತ್ರ ಮಾವನ ನೋಟೀಸ್ ಬೋರ್ಡು ಕಣ್ಣಮುಂದೆ ಬಂದು ನಿಂತಿತು.

ಶೂಹಾರ್ಟ್ ಹುಟ್ಟಿದ್ದು 1891ರ ಮಾರ್ಚ್ 18ರಂದು, ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಭೌತಶಾಸ್ತ್ರ, 1917ರಲ್ಲಿ ಬರ್ಕ್ಲಿಯಿಂದ ಡಾಕ್ಟರೇಟ್. ಮಾರನೆಯ ವರ್ಷ ಸೇರಿದ್ದು ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಕಂಪನಿಗೆ. ಬೆಲ್ ಟೆಲಿಫೋನ್ ಜಾಲಕ್ಕೆ ಬೇಕಾದ ಸಾಮಾನನ್ನು ಮಾಡುತ್ತಿದ್ದ ಕಂಪನಿ ಅದು. ಶಿಕಾಗೋ ಹತ್ತಿರದ ಹಾಥಾರ್ನ್‌ನಲ್ಲಿದ್ದ ಅದರ ಕಾರ್ಖಾನೆಯಲ್ಲೇ ಸಾವಿರಗಟ್ಟಲೆ ಜನ ದುಡಿಯುತ್ತಿದ್ದರು. ಆ ಕಾಲದಲ್ಲಿ ಗುಣಮಟ್ಟ ಅಂದರೆ ಇಷ್ಟೇ: ಮಾಲು ತಯಾರಾದ ಮೇಲೆ ಇನ್‌ಸ್ಪೆಕ್ಟರ್ ನೋಡುವುದು, ಕೆಟ್ಟದ್ದನ್ನು ಎತ್ತಿ ಬಿಸಾಡುವುದು. ಆದರೆ ಟೆಲಿಫೋನಿನ ಎಷ್ಟೋ ಉಪಕರಣಗಳನ್ನು ನೆಲದಡಿ ಹೂಳಬೇಕು. ಹೂತದ್ದು ಕೆಟ್ಟರೆ ಅಗೆದು ತೆಗೆಯುವ ಖರ್ಚು ಯಾರಪ್ಪನ ಗಂಟು? ಆದ್ದರಿಂದ ಎಂಜಿನಿಯರುಗಳು ಎಲ್ಲ ಪೀಸುಗಳೂ ಒಂದೇ ಅಳತೆಗೆ ಬರಲಿ ಅಂತ ಹಟಕ್ಕೆ ಬಿದ್ದರು. ವಿಚಿತ್ರ ನೋಡಿ, ಹಟ ಮಾಡಿದಷ್ಟೂ ವ್ಯತ್ಯಾಸ ಹೆಚ್ಚಿತು.

ಏಕೆ? ಒಂದು ಪೀಸು ಕೂದಲೆಳೆಯಷ್ಟು ದಪ್ಪ ಬಂತು ಅನ್ನಿ. ಆಪರೇಟರ್ ಟೂಲನ್ನು ಅಷ್ಟೇ ಒಳಕ್ಕೆ ತಿರುಗಿಸುತ್ತಾನೆ. ಮುಂದಿನದು ತೆಳ್ಳಗೆ ಬರುತ್ತದೆ, ಹೊರಕ್ಕೆ ತಿರುಗಿಸುತ್ತಾನೆ. ಮೊದಲಿನ ದಪ್ಪ ಬರಿಯ ಆಕಸ್ಮಿಕವಾಗಿದ್ದರೆ, ಪ್ರತಿ ಪೀಸಿಗೂ ಹೀಗೆ ತಿದ್ದುತ್ತಾ ಹೋದರೆ ಏರಿಳಿತ ಸುಮಾರು 1.4 ಪಟ್ಟು ಆಗುತ್ತದೆ. ಲೆಕ್ಕ ಹಾಕಿ ನೋಡಿದೆ, ನಿಜ. ಸುಮ್ಮನಿದ್ದಿದ್ದರೇ ವಾಸಿಯಾಗಿತ್ತು!

ಹಾಗಾದರೆ ಯಾವಾಗ ಸುಮ್ಮನಿರಬೇಕು, ಯಾವಾಗ ಕೈ ಹಾಕಬೇಕು? ಶೂಹಾರ್ಟನ ಇಡೀ ಬದುಕು ಈ ಒಂದು ಪ್ರಶ್ನೆಗೆ ಸಂದಿತು ಅಂತಲೇ ನನ್ನ ಎಣಿಕೆ. 1924ರ ಮೇ 16ರಂದು ಈತ ತನ್ನ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್‌ಗೆ ಒಂದೇ ಪುಟದ ಟಿಪ್ಪಣಿ ಕಳಿಸಿದ. ಅದರಲ್ಲೂ ಮೂರರಲ್ಲೊಂದು ಪಾಲು ಚಿತ್ರ. ನಾವು ಇಂದು ಕಂಟ್ರೋಲ್ ಚಾರ್ಟ್ ಅನ್ನುವುದು ಹುಟ್ಟಿದ್ದು ಆ ಚಿತ್ರದಲ್ಲಿ. ವ್ಯತ್ಯಾಸಕ್ಕೆ ಎರಡು ಬಗೆಯ ಕಾರಣಗಳಿವೆ ಎಂದು ಆತ ಬಗೆದ. ಒಂದು, ಆ ಪದ್ಧತಿಯಲ್ಲೇ ಬೆರೆತುಹೋಗಿರುವ ನೂರಾರು ಸಣ್ಣಪುಟ್ಟ ಕಾರಣ, ಬೆರಳಿಟ್ಟು ತೋರಿಸಲಾಗದು. ಇನ್ನೊಂದು, ಹುಡುಕಿದರೆ ಸಿಗುವಂಥದು: ಸವೆದ ಟೂಲು, ಬದಲಾದ ಕಬ್ಬಿಣ, ಹೊಸ ಆಪರೇಟರ್. ಎರಡನ್ನೂ ಬೇರ್ಪಡಿಸಲು ಗಂಟೆಗೆ ನಾಲ್ಕೈದು ಪೀಸು ಮಾದರಿ ತೆಗೆದು, ಅವುಗಳ ಸರಾಸರಿಯನ್ನೂ ವ್ಯತ್ಯಾಸವನ್ನೂ ಗ್ರಾಫಿನಲ್ಲಿ ಗುರುತು ಹಾಕುತ್ತಾ ಹೋಗುವುದು. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮೂರು ಸಿಗ್ಮಾ ದೂರದಲ್ಲಿ ಎರಡು ಗೆರೆ. ಚುಕ್ಕೆ ಗೆರೆ ದಾಟಿದರೆ ಹುಡುಕು. ಒಳಗೇ ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಬಿಟ್ಟುಬಿಡು. ಮೂರೇ ಏಕೆ ಅಂದರೆ, ಸುಮ್ಮಸುಮ್ಮನೆ ಹುಡುಕುವ ಖರ್ಚು ಒಂದು ಕಡೆ, ನಿಜವಾದ ತೊಂದರೆಯನ್ನು ಕಾಣದೆ ಬಿಡುವ ನಷ್ಟ ಇನ್ನೊಂದು ಕಡೆ. ಎರಡನ್ನೂ ತೂಗಿದಾಗ ಅದು ಅನುಭವದಲ್ಲಿ ನಿಂತ ಅಂಕಿ. ಬರಿಯ ಸೂತ್ರದಿಂದ ಇಳಿದು ಬಂದದ್ದಲ್ಲ.

ಕಾಗದದ ಲೆಕ್ಕವನ್ನಷ್ಟೇ ನಂಬಿ ಕೂತವನಲ್ಲ ಈತ. ನಂಬರು ಬರೆದ ಬಿಲ್ಲೆಗಳನ್ನು ಬೋಗುಣಿಯಲ್ಲಿ ಹಾಕಿ, ಒಂದೊಂದೇ ತೆಗೆದು, ಬರೆದುಕೊಂಡು, ಮತ್ತೆ ಹಾಕಿ ಕಲಕಿ, ಹೀಗೆ 4,000 ಸಲ! ನಾಲ್ಕು ನಾಲ್ಕರಂತೆ ಸಾವಿರ ಮಾದರಿ. ಹೌಸಿ ಆಟವೆಂದು ನಗಬೇಡಿ. ಆಕಸ್ಮಿಕ ಅನ್ನುವುದು ಎಷ್ಟು ದೂರ ಕುಣಿಯಬಲ್ಲದೆಂದು ಕಣ್ಣಾರೆ ಕಾಣುವ ತಪಸ್ಸು ಅದು.

1925ರಲ್ಲಿ ಬೆಲ್ ಪ್ರಯೋಗಾಲಯ ಶುರುವಾದಾಗ ಅಲ್ಲಿಗೆ ಹೋದ. 1956ರ ನಿವೃತ್ತಿಯವರೆಗೂ ಅಲ್ಲೇ. 1931ರಲ್ಲಿ ದೊಡ್ಡ ಪುಸ್ತಕ ಬಂತು. ಲೈಬ್ರರಿಯಿಂದ ತಂದು ಓದಲು ಹೋಗಿ ಮೂವತ್ತನೇ ಪುಟಕ್ಕೆ ಸೋತೆ. ಬರವಣಿಗೆ ಕಬ್ಬಿಣದ ಕಡಲೆ. 1938ರಲ್ಲಿ ವಾಷಿಂಗ್ಟನ್ನಿನಲ್ಲಿ ಕೊಟ್ಟ ಉಪನ್ಯಾಸಗಳನ್ನು ಎಡ್ವರ್ಡ್ಸ್ ಡೆಮಿಂಗ್ ಎಂಬಾತ ತಿದ್ದಿ ಮರುವರ್ಷ ಪುಸ್ತಕ ಮಾಡಿದ. (ಮೇಲಧಿಕಾರಿ ಎಡ್ವರ್ಡ್ಸ್ ಬೇರೆ, ಈತ ಬೇರೆ.) ಇದೇ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಈ ವಿದ್ಯೆಯನ್ನು ಬಿತ್ತಿದ್ದು, ಅವರು ಅವನ ಹೆಸರಿನಲ್ಲಿ ಬಹುಮಾನವನ್ನೇ ಇಟ್ಟಿದ್ದು. ಹಾರ ಶಿಷ್ಯನ ಕೊರಳಿಗೆ ಬಿತ್ತು.

ನಮ್ಮ ದೇಶಕ್ಕೂ ಶೂಹಾರ್ಟ್ ಬಂದಿದ್ದ ಅಂದರೆ ಎಷ್ಟು ಜನಕ್ಕೆ ಗೊತ್ತು? 1947-48ರಲ್ಲಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮಹಾಲನೋಬಿಸ್ ಕರೆಸಿಕೊಂಡರು. ಡೆಮಿಂಗ್ ಜಪಾನಿನ ಕಾರ್ಖಾನೆದಾರರಿಗೆ ಹೇಳುವ ಮೊದಲೇ, ಗುರು ನಮ್ಮ ಕಾರ್ಖಾನೆದಾರರಿಗೆ ಹೇಳಿ ಹೋಗಿದ್ದ. ಮುಂದೆ ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕಗಳು ಮುಂಬಯಿ, ಬೆಂಗಳೂರುಗಳಲ್ಲೂ ತೆರೆದವು. ಆದರೂ ಭಾಂಡುಪಿನ ಆ ನೋಟೀಸ್ ಬೋರ್ಡಿಗೆ ಸುದ್ದಿ ಮುಟ್ಟಲಿಲ್ಲ.

ಲೆಕ್ಕ ಇಷ್ಟೇ ನೋಡಿ. ಒಬ್ಬ ತಿಂಗಳಿಗೆ 1,000 ಪೀಸು ಮಾಡುತ್ತಾನೆ, ಸರಾಸರಿ 40 ಕೆಡುತ್ತವೆ ಎಂದಿಟ್ಟುಕೊಳ್ಳಿ. ಶೂಹಾರ್ಟನ ಗೆರೆಗಳು ಸುಮಾರು 21ಕ್ಕೂ 59ಕ್ಕೂ ಬೀಳುತ್ತವೆ. ಅಂದರೆ 33 ಬಂದ ತಿಂಗಳು ಶಹಬ್ಬಾಸ್ ಅನ್ನುವುದೂ 51 ಬಂದ ತಿಂಗಳು ಮೆಮೊ ಕೊಡುವುದೂ ಎರಡೂ ಅರ್ಥವಿಲ್ಲದ್ದು. ಹತ್ತು ಜನರ ಪಟ್ಟಿಯಲ್ಲಿ ಯಾರೋ ಒಬ್ಬ ಕೊನೆಗೆ ಇರಲೇಬೇಕಲ್ಲ!

ಶೂಹಾರ್ಟ್ 1967ರ ಮಾರ್ಚ್ 11ರಂದು ನ್ಯೂಜೆರ್ಸಿಯಲ್ಲಿ ತೀರಿಕೊಂಡ. ಎಪ್ಪತ್ತಾರು ತುಂಬಲು ಒಂದು ವಾರ ಉಳಿದಿತ್ತು.

ಕಳೆದ ದೀಪಾವಳಿಗೆ ಮಾವನ ಮನೆಗೆ ಹೋದಾಗ ಅವರ ಹಳೆಯ ಪಾಕೆಟ್ ಡೈರಿಗಳನ್ನು ಕೇಳಿ ತೆಗೆದುಕೊಂಡೆ. ಪ್ರತಿ ತಿಂಗಳ ಅಂಕಿಯನ್ನೂ ಬರೆದಿಟ್ಟಿದ್ದಾರೆ, ಪಾಪ. ಎರಡು ವರ್ಷದ್ದನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಮೆಮೊ ಬಂದ ತಿಂಗಳುಗಳೆಲ್ಲ ಗೆರೆಯೊಳಗೇ ಇದ್ದವು, ಒಂದನ್ನು ಬಿಟ್ಟು. ಮಾವ ಕನ್ನಡಕ ಏರಿಸಿ ಆ ಒಂದು ಚುಕ್ಕೆಯನ್ನೇ ನೋಡಿದರು. ಆ ತಿಂಗಳು ಬೇರೆ ಕಡೆಯಿಂದ ಗಡುಸು ರಾಡು ಬಂದಿತ್ತೆಂದೂ, ತಾನು ಸೂಪರ್‌ವೈಸರಿಗೆ ಆಗಲೇ ಹೇಳಿದ್ದೆನೆಂದೂ ನೆನಪು ಮಾಡಿಕೊಂಡರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮೆಮೊಗಳಿದ್ದ ಅದೇ ಕವರಿನೊಳಗೆ ಹಾಕಿ ಟ್ರಂಕಿನಲ್ಲಿಟ್ಟರು.